ಫ್ಲ್ಯಾಟ್, ಟ್ವಿನ್ ಮನೆ, ಪ್ಲಾಟ್: ಹುಬ್ಬಳ್ಳಿ-ಧಾರವಾಡದಲ್ಲಿ ನಾವು ಹಾಕಿದ ಮೂರು ಲೆಕ್ಕ

ಕೀಲಿ ಕೈಗೆ ಬರುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ? ಹೋದಲ್ಲೆಲ್ಲ ನಾವು ಕೇಳಿದ್ದು ಇದೊಂದೇ. ಫ್ಲ್ಯಾಟಿನವರು ಚದರಡಿಯ ದರ ಹೇಳಿದರು. ಟ್ವಿನ್ ಮನೆಯವರು ‘ಕೂತು ಮಾತಾಡೋಣ’ ಎಂದರು. ಗುತ್ತಿಗೆದಾರ ‘ಅದು ನೀವು ಹಾಕಿಸುವ ಟೈಲ್ಸ್ ಮೇಲೆ ಹೋಗುತ್ತದೆ’ ಎಂದ. ಕೊನೆಗೆ ನಾವೇ ಕಾಗದ ಹಿಡಿದು ಕೂತೆವು. ನನ್ನ ನೌಕರಿ ಹುಬ್ಬಳ್ಳಿಯಲ್ಲಿ, ಹೆಂಡತಿಯದು ಧಾರವಾಡದಲ್ಲಿ. ಹಾಗಾಗಿ ಎರಡೂ ಊರು ನಮಗೆ ಸಮ್ಮತವೇ.

ಮೊದಲು ಗೋಕುಲ ರಸ್ತೆಯ ಕಡೆ ಕಟ್ಟುತ್ತಿದ್ದ ಫ್ಲ್ಯಾಟು. ಚದರಡಿಗೆ 4,400 ರೂಪಾಯಿ, 1,240 ಚದರಡಿ, ಅಂದರೆ 54.56 ಲಕ್ಷ. ಕೇಳುವುದಕ್ಕೆ ಹಿತವಾಗಿತ್ತು. ಸೇಲ್ಸ್ ಕಚೇರಿಯಲ್ಲಿ ಕೊಟ್ಟ ಬಣ್ಣದ ಹಾಳೆಯ ತಳದಲ್ಲಿ ನಕ್ಷತ್ರದ ಗುರುತಿನ ಸಣ್ಣಕ್ಷರದ ಸಾಲುಗಳಿದ್ದವು. ಆಟ ಇರುವುದು ಅಲ್ಲಿಯೇ. ಪಾರ್ಕಿಂಗ್ 2.50 ಲಕ್ಷ, ಹೆಸ್ಕಾಂ ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೆ 1.75 ಲಕ್ಷ, ಕ್ಲಬ್ ಹೌಸ್‌ಗೆ 1 ಲಕ್ಷ. ಅಲ್ಲಿಗೆ ಬೆಲೆ 59.81 ಲಕ್ಷಕ್ಕೆ ಬಂತು. ಕಟ್ಟಡ ಇನ್ನೂ ಮುಗಿದಿಲ್ಲವಾದ್ದರಿಂದ ಶೇ 5ರ ಜಿಎಸ್‌ಟಿ 2.99 ಲಕ್ಷ. ಎರಡು ವರ್ಷದ ನಿರ್ವಹಣಾ ಶುಲ್ಕ ಮುಂಗಡ ಮತ್ತು ವಕೀಲರ ಫೀಸು ಸೇರಿ 94 ಸಾವಿರ. ಇನ್ನು ನೋಂದಣಿ: ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6, ಅಂದರೆ 4.55 ಲಕ್ಷ. ಎಲ್ಲ ಕೂಡಿಸಿದರೆ 68.29 ಲಕ್ಷ.

ಇಷ್ಟು ಕೊಟ್ಟು ಸಿಗುವುದು 1,240 ಚದರಡಿಯಲ್ಲ. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲು ಕಳೆದರೆ ಮನೆಯೊಳಗೆ ಕಾಲಿಡಬಹುದಾದ ಕಾರ್ಪೆಟ್ ಏರಿಯಾ 870 ಚದರಡಿ. ಮನೆ ಕೊಳ್ಳುವವರ ಹಿತ ಕಾಯುವ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಬಿಲ್ಡರ್ ಈ ಅಂಕಿಯನ್ನು ಹೇಳಲೇಬೇಕು. ಹೇಳಿದರು, ಆದರೆ ಮೂರು ಸಲ ಕೇಳಿಸಿಕೊಂಡ ಮೇಲೆ. ಭಾಗಿಸಿ ನೋಡಿ: 4,400 ಎಂದು ಶುರುವಾದ ದರ 7,850ಕ್ಕೆ ಬಂದು ನಿಲ್ಲುತ್ತದೆ.

ಅದೇ ಕಚೇರಿಯಲ್ಲಿ ಬುಕಿಂಗ್‌ಗೆ ಶೇ 20 ಕಟ್ಟಿ ಎಂದರು. ಮಾರಾಟ ಒಪ್ಪಂದ ನೋಂದಣಿಯಾಗದೆ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ರೇರಾ ಕಾಯ್ದೆಯ 13ನೇ ಕಲಂ ಹೇಳುತ್ತದಲ್ಲ ಎಂದೆ. ಹುಡುಗ ನಕ್ಕು, ‘ಅದು ಬೆಂಗಳೂರಿಗೆ, ಸಾಹೇಬರೇ’ ಎಂದ. ಕಾಯ್ದೆ ತುಮಕೂರಿಗೇ ನಿಲ್ಲುತ್ತದೆ ಎಂದು ಅವನಿಗೆ ಯಾರು ಕಲಿಸಿದರೋ. ತೆರೆದ ಪಾರ್ಕಿಂಗ್ ಜಾಗ ಎಲ್ಲ ನಿವಾಸಿಗಳಿಗೂ ಸೇರಿದ ಸಾಮಾನ್ಯ ಜಾಗ ಎಂಬುದೂ ಅದೇ ಕಾಯ್ದೆಯಲ್ಲಿದೆ. ಆದ್ದರಿಂದ 2.50 ಲಕ್ಷ ಯಾವ ಬಗೆಯ ಪಾರ್ಕಿಂಗಿಗೆ ಎಂದು ಬರೆಯಿಸಿಕೊಳ್ಳುವುದು ಒಳ್ಳೆಯದು.

ಚಿಕ್ಕ ಫ್ಲ್ಯಾಟು ನೋಡುವವರು 45 ಲಕ್ಷದ ಗೆರೆಯ ಮೇಲೆ ಕಣ್ಣಿಡಬೇಕು. ನಮ್ಮಂಥ ಊರುಗಳಲ್ಲಿ ಕಾರ್ಪೆಟ್ ಏರಿಯಾ 90 ಚದರ ಮೀಟರಿನೊಳಗೆ, ಬೆಲೆ 45 ಲಕ್ಷದೊಳಗೆ ಇದ್ದರೆ ಜಿಎಸ್‌ಟಿ ಶೇ 1 ಮಾತ್ರ. ಹೊಸ ಫ್ಲ್ಯಾಟಿನ ಮೊದಲ ಮಾರಾಟದಲ್ಲಿ ಮುದ್ರಾಂಕ ಶುಲ್ಕವೂ ಶೇ 5ರ ಬದಲು ಶೇ 3. 44.90 ಲಕ್ಷದ ಮನೆಗೆ ಪಾರ್ಕಿಂಗ್ ಹೆಸರಿನಲ್ಲಿ ಒಂದು ಲಕ್ಷದಷ್ಟು ಸೇರಿ 46 ಲಕ್ಷವಾದರೆ, ತೆರಿಗೆ ಮತ್ತು ಮುದ್ರಾಂಕ ಎರಡೂ ಸೇರಿ 2.90 ಲಕ್ಷದಷ್ಟು ಹೆಚ್ಚು ಬೀಳುತ್ತದೆ. ಬಿಲ್ಡರಿಗೆ ಒಂದು ಲಕ್ಷ, ಸರ್ಕಾರಕ್ಕೆ ಮೂರು.

ಎರಡನೆಯದು ಕುಸುಗಲ್ ರಸ್ತೆಯ ಟ್ವಿನ್ ಮನೆ. ನಡುವಿನ ಗೋಡೆ ಒಂದೇ, ಅಕ್ಕಪಕ್ಕ ಎರಡು ಮನೆ. ಸಾವಿರ ಚದರಡಿ ಜಾಗ, ಎರಡು ಅಂತಸ್ತು, ಕಾರ್ಪೆಟ್ 1,150 ಚದರಡಿ. ಸಂಪು, ಕಾಂಪೌಂಡ್, ಗೇಟು ಎಲ್ಲ ಸೇರಿ 82 ಲಕ್ಷ. ಕೆಲಸ ಪೂರ್ಣಗೊಂಡ ಪ್ರಮಾಣಪತ್ರ ಬಂದಿತ್ತು, ಆದ್ದರಿಂದ ಜಿಎಸ್‌ಟಿ ಇಲ್ಲ. ನೋಂದಣಿಗೆ 6.23 ಲಕ್ಷ ಸೇರಿಸಿದರೆ 88.23 ಲಕ್ಷ, ಕಾರ್ಪೆಟ್ ಲೆಕ್ಕದಲ್ಲಿ ಚದರಡಿಗೆ 7,670. ದುಬಾರಿ ಎಂದುಕೊಂಡಿದ್ದ ಮನೆ ‘ಅಗ್ಗದ’ ಫ್ಲ್ಯಾಟಿಗಿಂತ ಕೆಳಗೇ ನಿಂತಿತು, ಮೇಲಾಗಿ ಕಾಲಡಿಯ ನೆಲವೂ ನಮ್ಮದು.

ಹಾಗಿದ್ದರೂ ಬಿಟ್ಟೆವು, ಎರಡು ಕಾರಣಕ್ಕೆ. ಜತೆಗೆ ಬಂದಿದ್ದ ಪರಿಚಯದ ಗೌಂಡಿ ಹಾಲಿಗೆ ಕಾಲಿಡುತ್ತಲೇ ಒಂದು ನಾಣ್ಯ ತೆಗೆದು ಟೈಲ್ಸ್ ಮೇಲೆ ಬಡಿಯುತ್ತ ಹೋದ. ಮೂಲೆಯ ಸಾಲಿನಲ್ಲಿ ಸದ್ದು ಪೊಳ್ಳಾಯಿತು. ಕೆಳಗೆ ಗಾರೆ ತುಂಬಿರಲಿಲ್ಲ. ಅದನ್ನು ಸರಿಪಡಿಸಬಹುದಿತ್ತು. ಹೊರಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಸೀಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ಬಣ್ಣ ಒಣಗಿತ್ತು, ಸೀಳು ಮತ್ತೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಆ ಕಡೆಯದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಪಾಯ ಕೆಳಗಿನ ಗಟ್ಟಿ ಪದರವಾದ ಗರಸಿನವರೆಗೆ ಇಳಿಯದಿದ್ದರೆ ಗೋಡೆಯೂ ಅದರ ಜತೆ ಏರಿಳಿಯುತ್ತದೆ. ಪಾಯ ಎಷ್ಟು ಆಳ ಎಂಬ ಪ್ರಶ್ನೆಗೆ ‘ಇಂಜಿನಿಯರ್ ಹೇಳಿದಷ್ಟು’ ಎಂಬುದರಾಚೆ ಉತ್ತರ ಬರಲಿಲ್ಲ. ರಚನೆಯ ದೋಷ ಐದು ವರ್ಷದೊಳಗೆ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕೆಂದು ರೇರಾ ಹೇಳುತ್ತದೆ. ಆದರೆ 500 ಚದರ ಮೀಟರ್ ಜಾಗವನ್ನೂ ಎಂಟು ಮನೆಗಳನ್ನೂ ಮೀರದ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. ಒಂದು ಜೋಡಿ ಮನೆ ಕಟ್ಟಿ ಮಾರುವವನ ಹೆಸರನ್ನು ರೇರಾ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಎರಡನೆಯ ಕಾರಣ ಹಣದ್ದು. ಕಾಗದದಲ್ಲಿ 60 ಲಕ್ಷ ತೋರಿಸೋಣ, ಉಳಿದದ್ದು ನಗದು ಎಂದರು. ನೋಂದಣಿ ಖರ್ಚು ಉಳಿಯುತ್ತದಂತೆ. ಬ್ಯಾಂಕು ಸಾಲ ಕೊಡುವುದು ಕಾಗದದ ಬೆಲೆಗೆ. 60ರ ಮೇಲೆ ಶೇ 80 ಎಂದರೆ 48 ಲಕ್ಷ. ಉಳಿದ 34 ಲಕ್ಷವನ್ನು ನಾವು ಎಲ್ಲಿಂದ ತರಬೇಕು? ಕಾನೂನಿನ ಮಾತು ಹಾಗಿರಲಿ, ಲೆಕ್ಕಕ್ಕೇ ಅದು ಒಗ್ಗುವುದಿಲ್ಲ. ಸರಿಯಾದ ದಾರಿಯಲ್ಲಿಯೂ ಕೈಯಿಂದ ಹಾಕುವ ಹಣ ಕಡಿಮೆಯಲ್ಲ, ಏಕೆಂದರೆ ಮುದ್ರಾಂಕ ಮತ್ತು ನೋಂದಣಿಯನ್ನು ಬ್ಯಾಂಕು ಬೆಲೆಯಲ್ಲಿ ಸೇರಿಸುವುದಿಲ್ಲ. ಟ್ವಿನ್ ಮನೆಗೆ ಸುಮಾರು 22.60 ಲಕ್ಷ, ಫ್ಲ್ಯಾಟಿಗೆ 18 ಲಕ್ಷ ಕೈಯಲ್ಲಿರಬೇಕಿತ್ತು.

ಮೂರನೆಯದು ಸತ್ತೂರಿನ ಕಡೆ ಪ್ಲಾಟು ಕೊಂಡು ಕಟ್ಟಿಸುವುದು. ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆಯಿರುವ ಬಡಾವಣೆ, 30x40, ಚದರಡಿಗೆ 2,400. ನೋಂದಣಿ ಸೇರಿ 31 ಲಕ್ಷ. ಅದರ ಪಕ್ಕದಲ್ಲೇ ಅರ್ಧ ಬೆಲೆಗೆ ಗುಂಟೆ ಲೆಕ್ಕದ ಜಾಗವೂ ಇತ್ತು. ಆಸ್ತಿಯ ಸರ್ಕಾರಿ ದಾಖಲೆಯಾದ ಇ-ಖಾತೆ ಇಲ್ಲ, ಹಾಗಾಗಿ ಬ್ಯಾಂಕಿನ ಸಾಲವೂ ಇಲ್ಲ. ಅದರ ಮಾತು ಅಲ್ಲಿಗೇ ಮುಗಿಯಿತು.

ದರ ಮಾತಾಡುವ ಮೊದಲು ಗುಂಡಿ ತೋಡಿಸಿ ಎಂದದ್ದು ಅದೇ ಗೌಂಡಿ. ತೋಡಿಸಿದೆವು, ನಾಲ್ಕಡಿಗೆಲ್ಲ ಗರಸು ಸಿಕ್ಕಿತು. ಎರೆ ನೆಲದಲ್ಲಿ ಇದೇ ಗರಸಿಗಾಗಿ ಎಂಟು, ಹತ್ತು ಅಡಿ ಇಳಿಯಬೇಕಾಗಬಹುದು, ಆ ಖರ್ಚು ಯಾರ ದರಪಟ್ಟಿಯಲ್ಲೂ ಇರುವುದಿಲ್ಲ. ಸಾಮಾನು ಸಹಿತ ಚದರಡಿಗೆ 2,000 ಎಂದಿದ್ದ ಗುತ್ತಿಗೆದಾರ, ಬಿಲ್ಲು ಕೇಳಿದೊಡನೆ ಶೇ 18 ಜಿಎಸ್‌ಟಿ ಬೇರೆ ಎಂದ. 1,500 ಚದರಡಿಗೆ ಅದೇ 5.40 ಲಕ್ಷ. ಒಂಟಿ ಮನೆಗೆ ಬರೀ ಕೂಲಿ ಗುತ್ತಿಗೆ ಕೊಟ್ಟರೆ ಜಿಎಸ್‌ಟಿ ಬೀಳುವುದಿಲ್ಲ. ಸಿಮೆಂಟು, ಉಸುಕು, ಖಡಿ, ಕಬ್ಬಿಣ ನಾವೇ ತಂದರೆ ತೆರಿಗೆ ಅಂಗಡಿಯ ಬೆಲೆಯಲ್ಲೇ ಇರುತ್ತದೆ. ಸಿಮೆಂಟಿನದು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಾಗೆ ಲೆಕ್ಕ ಹಾಕಿದರೂ 30 ಲಕ್ಷದ ಸುತ್ತಲೇ ಬಂತು. ಸಂಪು, ಕಾಂಪೌಂಡ್, ಬೋರ್‌ವೆಲ್, ನಕ್ಷೆ ಮಂಜೂರಾತಿ, ಕಾರ್ಮಿಕ ಸೆಸ್, ಹೆಸ್ಕಾಂ, ಪಾಯದ ಹೆಚ್ಚುವರಿ ಸೇರಿ 7.40 ಲಕ್ಷ. ಕಟ್ಟುವಾಗ ಈಗಿನ ಮನೆಗೆ ಕೊಡುವ ಬಾಡಿಗೆ 1.80 ಲಕ್ಷವನ್ನೂ ಇಲ್ಲೇ ಹಿಡಿಯಬೇಕು. ಒಟ್ಟು 70.20 ಲಕ್ಷ, 1,190 ಚದರಡಿ ಕಾರ್ಪೆಟ್‌ಗೆ ಭಾಗಿಸಿದರೆ 5,900.

ಉಳಿಯುವ ಹಣ ಪುಕ್ಕಟೆಯದಲ್ಲ. ಸ್ಲ್ಯಾಬ್ ಹಾಕಿದ ಮೇಲೆ ನೀರು ಹೊಡೆಯುವವರು ಬೇಕು, ಲಾರಿಯಲ್ಲಿ ಬಂದ ಉಸುಕಿನ ಅಳತೆ ನೋಡುವವರು ಬೇಕು, ಗೌಂಡಿ ಬಾರದ ದಿನ ಫೋನು ಹಚ್ಚುವವರು ಬೇಕು. ನಮ್ಮಲ್ಲಿ ನಿವೃತ್ತರಾದ ಅಪ್ಪ ಇದ್ದಾರೆ, ಅವರಿಗೆ ಇದರಲ್ಲಿ ಉಮೇದೂ ಇದೆ. ಆದ್ದರಿಂದ ಪ್ಲಾಟಿಗೇ ಗಟ್ಟಿಯಾದೆವು. ಗಂಡ ಹೆಂಡಿರಿಬ್ಬರೇ ಇದ್ದು ಇಬ್ಬರೂ ದುಡಿಯುವ ಮನೆಯವರಿಗೆ ನಾನು ಇದನ್ನು ಹೇಳಲಾರೆ. ಅಂಥವರಿಗೆ ಫ್ಲ್ಯಾಟೇ ಸರಿ, ಚೌಕಾಸಿ ಮಾಡುವ ಜಾಗ ಗೊತ್ತಿದ್ದರೆ.

ಫ್ಲ್ಯಾಟಿನವರು 4,400ರಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ದರ ಇಳಿಸಿದ ಸುದ್ದಿ ಹಬ್ಬಿದರೆ ಮೊದಲು ಕೊಂಡವರು ಜಗಳಕ್ಕೆ ಬರುತ್ತಾರಲ್ಲ. ಆದರೆ ನಾವು ಎದ್ದು ಹೊರಟಾಗ ಕ್ಲಬ್ ಹೌಸಿನ ಒಂದು ಲಕ್ಷ ಮಾಯವಾಯಿತು, ಪಾರ್ಕಿಂಗ್ ಅರ್ಧಕ್ಕೆ ಬಂತು. ದರವನ್ನು ಅದರ ಪಾಡಿಗೆ ಬಿಟ್ಟು ಆ ನಕ್ಷತ್ರದ ಸಾಲುಗಳನ್ನೇ ಹಿಡಿದು ಎಳೆಯಬೇಕು. ಅಲ್ಲಿ ಒಂದು ಲಕ್ಷ ಇಳಿದರೆ ಅದರ ಮೇಲಿನ ಜಿಎಸ್‌ಟಿ 5,000 ಮತ್ತು ನೋಂದಣಿಯ 7,600 ಕೂಡ ಇಳಿಯುತ್ತದೆ.