ಏಜೆಂಟ್ ಕೈಗೆ ಯಾವ ಸಾಫ್ಟ್‌ವೇರ್? ಪೈಥಾನ್, ಸಿಮ್ಯುಲಿಂಕ್, ಓಪನ್‌ಮಾಡೆಲಿಕಾ ಹೋಲಿಕೆ

ಚಾಕಣ, ಪಿಂಪ್ರಿ-ಚಿಂಚವಾಡ, ಹಿಂಜವಡಿಯ ವಾಹನ ಕಂಪನಿಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯ ಎಂಜಿನಿಯರುಗಳು ಬೇಕಾದಷ್ಟು ಮಂದಿ ಇದ್ದಾರೆ. ಪುಣೆಯಲ್ಲಿ ನಾವು ನಾಲ್ಕು ಜನ ಸೇರಿದರೆ ಈಗ ಇದೇ ಮಾತು: ಮಾಡೆಲಿಂಗ್ ಕೆಲಸವನ್ನು (ಯಂತ್ರದ ವರ್ತನೆಯನ್ನು ಸಮೀಕರಣಗಳಾಗಿ ಕಂಪ್ಯೂಟರಿನಲ್ಲಿ ಕಟ್ಟುವುದನ್ನು) ತಾನೇ ಕೋಡ್ ಬರೆದು ಓಡಿಸುವ ಎಐ ಏಜೆಂಟ್‌ಗೆ ಒಪ್ಪಿಸುವುದಾದರೆ ಯಾವ ಸಾಫ್ಟ್‌ವೇರ್ ಜೊತೆ? ಏಜೆಂಟ್ ಎಷ್ಟು ಜಾಣ ಎಂದು ಅಳೆಯುತ್ತ ಕೂರುವ ಬದಲು, ತಪ್ಪಾದಾಗ ಯಾವ ಸಾಫ್ಟ್‌ವೇರ್ ಬಾಯಿಬಿಟ್ಟು ಹೇಳುತ್ತದೆ ಎಂದು ನೋಡುವುದು ಒಳ್ಳೆಯದು. ಎರರ್ ಬಂದರೆ ಏಜೆಂಟ್ ಓದಿ ತಿದ್ದಿಕೊಳ್ಳುತ್ತದೆ. ಬಾರದಿದ್ದರೆ ಕೆಲಸ ಮುಗಿಯಿತು ಎನ್ನುತ್ತದೆ.

ಪೈಥಾನ್, ಬ್ಲಾಕ್ ಜೋಡಿಸಿ ಮಾಡೆಲ್ ಕಟ್ಟುವ ಸಿಮ್ಯುಲಿಂಕ್ (ಮ್ಯಾಟ್‌ಲ್ಯಾಬ್ ಜೊತೆಗಿನದು), ಸಮೀಕರಣ ಬರೆದು ಕಟ್ಟುವ ಓಪನ್‌ಮಾಡೆಲಿಕಾ, ಈ ಮೂರಕ್ಕೂ ಕೊಟ್ಟದ್ದು ಒಂದೇ ಕೆಲಸ, ಕ್ವಾರ್ಟರ್ ಕಾರ್ ಸಸ್ಪೆನ್ಷನ್: ಒಂದು ಚಕ್ರ, ಅದರ ಮೇಲೆ ಬರುವ ಕಾಲುಭಾಗ ಕಾರು. ಬಾಡಿ 300 ಕೆಜಿ, ಚಕ್ರದ ಕಡೆ 40 ಕೆಜಿ, ಸ್ಪ್ರಿಂಗ್ ಮೀಟರಿಗೆ 16,000 ನ್ಯೂಟನ್, ಟೈರ್ 1,90,000, ಕುಣಿತ ತಗ್ಗಿಸುವ ಡ್ಯಾಂಪರ್ ಮೀಟರಿಗೆ 1,500 ನ್ಯೂಟನ್-ಸೆಕೆಂಡ್. ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾನದಂಡ ಹೇಳುವ ಸ್ಪೀಡ್ ಬ್ರೇಕರ್: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. 25 ಕಿಮೀ ವೇಗದಲ್ಲಿ ಚಕ್ರ ಅದರ ಮೇಲಿರುವುದು ಬರೀ 0.53 ಸೆಕೆಂಡ್. ಏಜೆಂಟನ್ನು ಕರೆಯುವ ಮುಂಚೆಯೇ ಉತ್ತರ ಕಾಗದದ ಮೇಲೆ ಇರಬೇಕು. ಡ್ಯಾಂಪರ್ ಬಿಟ್ಟರೆ ಸಹಜ ಆವರ್ತನ 1.12 ಮತ್ತು 11.43 ಹರ್ಟ್ಜ್, ಬಾಡಿಯ ಭಾರಕ್ಕೆ ಸ್ಪ್ರಿಂಗ್ ಕುಸಿಯುವುದು 184 ಮಿಮೀ. ಸಪ್ಲೈಯರ್ ಡ್ರಾಯಿಂಗ್‌ನಲ್ಲಿ ಸ್ಪ್ರಿಂಗ್ ಮಿಲಿಮೀಟರಿಗೆ 16 ನ್ಯೂಟನ್ ಎಂದಿರುತ್ತದೆ. ಆ 16 ಹಾಗೇ ಒಳಗೆ ಹೋದರೆ ಕುಸಿತ 184 ಮೀಟರ್ ಆಗುತ್ತದೆ, ಕೂಡಲೇ ಕಣ್ಣಿಗೆ ಬೀಳುತ್ತದೆ.

ಪೈಥಾನ್‌ನಲ್ಲಿ ಏಜೆಂಟ್ ಓಡುವಷ್ಟು ಸಲೀಸಾಗಿ ಬೇರೆಲ್ಲೂ ಓಡುವುದಿಲ್ಲ. ಲೆಕ್ಕದ ಲೈಬ್ರರಿಗಳಾದ ಸೈಪೈ, ನಂಪೈ ಹಾಕಿ, ಸಮೀಕರಣ ಬರೆದು, ಗ್ರಾಫ್ ಕೊಡುವುದಕ್ಕೆ ಕೆಲವೇ ನಿಮಿಷ ಸಾಕು. ಆದರೆ ಮೂರರಲ್ಲಿ ಹೆಚ್ಚು ಮೌನಿ ಇದೇ. ನಿಶ್ಚಲ ಸ್ಥಿತಿಯಿಂದ ಶುರುಮಾಡಿ, ಹಂಪ್ 3ನೇ ಸೆಕೆಂಡಿಗೆ ಬಂದು, ಓಟ 5ಕ್ಕೆ ಮುಗಿಯುವಂತೆ ಇಡಿ. ಸಮೀಕರಣ ಬಿಡಿಸುವ ಸೈಪೈ ಫಂಕ್ಷನ್ ಸಾಲ್ವ್ ಐವಿಪಿ ತನ್ನ ಡೀಫಾಲ್ಟ್ ಆರ್‌ಕೆ45 ಸಾಲ್ವರಿನಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಹೆಜ್ಜೆಯಿಂದ ಹೊರಡುತ್ತದೆ. ಏನೂ ಅಲುಗಾಡುತ್ತಿಲ್ಲವಾದ್ದರಿಂದ ದೋಷ ಸೊನ್ನೆ, ಪ್ರತಿ ಸಲ ಹೆಜ್ಜೆ ಹತ್ತು ಪಟ್ಟು ಹಿಗ್ಗುತ್ತದೆ. 1.11 ಸೆಕೆಂಡಿಗೆ ಬರುವ ಹೊತ್ತಿಗೆ ಮುಂದಿನ ಹೆಜ್ಜೆ ನೇರ 5ಕ್ಕೆ. ನಡುವೆ ಅದು ಇಣುಕುವುದು 1.89, 2.28, 4.22, 4.57ರಲ್ಲಿ, ಹಂಪ್ ಇರುವುದು 3ರಿಂದ 3.53ರವರೆಗೆ. ಗ್ರಾಫ್ ನೆಟ್ಟಗೆ ಸೊನ್ನೆ, ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸ್ಟೇಟಸ್ ಯಶಸ್ವಿ. ಗ್ರಾಫ್ ಸರಿಯಿಲ್ಲ ಎಂದು ಹೇಳಿದರೆ ಏಜೆಂಟ್ ಸಾಮಾನ್ಯವಾಗಿ ಟಿ-ಇವ್ಯಾಲ್‌ಗೆ ಸಾವಿರ ಬಿಂದು ತುಂಬುತ್ತದೆ. ಅದರಿಂದ ಪ್ರಯೋಜನವಿಲ್ಲ. ಟಿ-ಇವ್ಯಾಲ್ ಉತ್ತರವನ್ನು ಎಲ್ಲಿ ಬರೆಯಬೇಕೆಂದು ಹೇಳುತ್ತದೆ ಅಷ್ಟೆ, ಸಾಲ್ವರಿನ ಹೆಜ್ಜೆಯನ್ನು ಮುಟ್ಟುವುದಿಲ್ಲ. ಮ್ಯಾಕ್ಸ್ ಸ್ಟೆಪ್ (ಹೆಜ್ಜೆಯ ಗರಿಷ್ಠ ಮಿತಿ) 0.01 ಕೊಡಿ, ಇಲ್ಲವೇ ಹಂಪ್ ಶುರುವಾಗುವಲ್ಲಿ, ಮುಗಿಯುವಲ್ಲಿ ಓಟವನ್ನು ಕತ್ತರಿಸಿ ಮೂರು ತುಂಡಾಗಿ ಓಡಿಸಿ. ಎರಡನೆಯದೇ ನಿಖರ. ಈ ನಿಯಮವನ್ನು ಏಜೆಂಟ್ ಓದುವ ಸೂಚನಾ ಫೈಲಿನಲ್ಲಿ ಮೊದಲೇ ಬರೆದಿಡಿ.

ಸಿಮ್ಯುಲಿಂಕ್‌ನಲ್ಲಿ ಇದೇ ಓಟಕ್ಕೆ ಹಂಪ್ ಹಾರಿಹೋಗದು. ಸೆಟ್ಟಿಂಗ್ ಆಟೋ ಇದ್ದಾಗ ಗರಿಷ್ಠ ಹೆಜ್ಜೆ ಒಟ್ಟು ಅವಧಿಯ ಐವತ್ತರಲ್ಲಿ ಒಂದು ಪಾಲು, ಅಂದರೆ 5 ಸೆಕೆಂಡಿಗೆ 0.1. ಅದೇ ಓಟವನ್ನು 100 ಸೆಕೆಂಡಿಗೆ ಎಳೆದರೆ ಹೆಜ್ಜೆ 2 ಸೆಕೆಂಡ್ ಆಗಿ ಹಳೇ ಅಪಾಯ ಮತ್ತೆ ಎದುರಾಗುತ್ತದೆ. ಸಿಮ್ಯುಲಿಂಕ್ ಬಿಟ್ಟು ಮ್ಯಾಟ್‌ಲ್ಯಾಬ್‌ನ ಓಡಿಇ45 ಫಂಕ್ಷನ್ ಬಳಸಿದರೆ ಮಿತಿ ಅವಧಿಯ ಹತ್ತರಲ್ಲಿ ಒಂದು ಪಾಲು, ಇನ್ನೂ ಸಡಿಲ.

ಇಲ್ಲಿಯ ತೊಂದರೆ ಬೇರೆ ಕಡೆ ಇದೆ. ಸಿಮ್ಯುಲಿಂಕ್ ಮಾಡೆಲ್ ಇರುವ ಎಸ್‌ಎಲ್‌ಎಕ್ಸ್ ಫೈಲ್ ಒಂದು ಜಿಪ್ ಕಟ್ಟು, ಏಜೆಂಟ್ ಅದನ್ನು ನೇರ ತಿದ್ದಬಾರದು. ಆ್ಯಡ್ ಬ್ಲಾಕ್, ಆ್ಯಡ್ ಲೈನ್ ಆಜ್ಞೆಗಳ ಸ್ಕ್ರಿಪ್ಟ್ ಬರೆಸಿ, ಪ್ರತಿ ಸಲ ಖಾಲಿ ಮಾಡೆಲ್‌ನಿಂದಲೇ ಕಟ್ಟಿಸಬೇಕು. ಹಳೇ ಮಾಡೆಲ್ ಮೇಲೆಯೇ ಮತ್ತೆ ಓಡಿಸಿದರೆ ಹೆಸರು ಈಗಾಗಲೇ ಇದೆ ಎಂಬ ಎರರ್ ಬರುತ್ತದೆ. ಆಗ ಏಜೆಂಟ್ ಮೇಕ್ ನೇಮ್ ಯೂನಿಕ್ ಆನ್ ಮಾಡಿ ಎರರ್ ಅಡಗಿಸುತ್ತದೆ, ಗೇನ್ ಬ್ಲಾಕ್‌ಗಳು ಒಂದಕ್ಕೆರಡಾಗಿ ಕೂರುತ್ತವೆ. ಇದಕ್ಕಿಂತ ಕೆಟ್ಟದ್ದು ಬಿಟ್ಟುಹೋದ ತಂತಿ. ಇನ್‌ಪುಟ್ ಜೋಡಿಸದೆ ಬಿಟ್ಟರೆ ಡೀಫಾಲ್ಟ್ ಆಗಿ ಬರುವುದು ವಾರ್ನಿಂಗ್ ಮಾತ್ರ, ಬೆಲೆ ಸೊನ್ನೆ. ಡ್ಯಾಂಪರ್ ಬಲ, ಬಲಗಳನ್ನು ಕೂಡಿಸುವ ಸಮ್ ಬ್ಲಾಕ್‌ಗೆ ತಲುಪದಿದ್ದರೂ ಮಾಡೆಲ್ ಓಡುತ್ತದೆ, ಬಾಡಿ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಜೋಡಣೆಯಾಗದ ಇನ್‌ಪುಟ್, ಔಟ್‌ಪುಟ್, ಲೈನ್ ಮೂರೂ ಡಯಾಗ್ನೊಸ್ಟಿಕ್‌ಗಳನ್ನು ಎರರ್‌ಗೆ ತಿರುಗಿಸಿ. ಆ ಒಂದು ಬದಲಾವಣೆಯಿಂದ ಏಜೆಂಟ್‌ನ ಕೆಲಸದ ಗುಣ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಜೋಡಣೆಗೆ ಎರಡು ದಾರಿ. ಮ್ಯಾಟ್‌ಲ್ಯಾಬ್ ತಯಾರಿಸುವ ಮ್ಯಾಥ್‌ವರ್ಕ್ಸ್ ಕಂಪನಿ ಕೊಟ್ಟಿರುವ ಎಂಸಿಪಿ ಸರ್ವರ್ (ಏಜೆಂಟನ್ನು ಸಾಫ್ಟ್‌ವೇರ್‌ಗೆ ಜೋಡಿಸುವ ಸೇತುವೆ) ಹಾಕಿದರೆ ಏಜೆಂಟ್ ತೆರೆದಿರುವ ಮ್ಯಾಟ್‌ಲ್ಯಾಬ್‌ನಲ್ಲೇ ಕೋಡ್ ಓಡಿಸುತ್ತದೆ, ಕಾಯುವ ಹೊತ್ತು ಕಡಿಮೆ. ಟರ್ಮಿನಲ್‌ನಿಂದ ಬ್ಯಾಚ್ ಮೋಡ್‌ನಲ್ಲಿ ಕರೆದರೆ ಪ್ರತಿ ಸಲ ಮ್ಯಾಟ್‌ಲ್ಯಾಬ್ ಹೊಸದಾಗಿ ಏಳಬೇಕು, ಆದರೆ ವರ್ಕ್‌ಸ್ಪೇಸ್ ಶುದ್ಧ. ತೆರೆದ ಸೆಷನ್‌ನಲ್ಲಿ ಹಿಂದೆ ಉಳಿದ ಸ್ಪ್ರಿಂಗ್ ಬೆಲೆಯನ್ನೇ ನೆಚ್ಚಿಕೊಂಡು ಮಾಡೆಲ್ ಓಡಿರುತ್ತದೆ, ಬೆಳಿಗ್ಗೆ ಇನ್ನೊಬ್ಬರ ಯಂತ್ರದಲ್ಲಿ ವೇರಿಯಬಲ್ ಇಲ್ಲ ಎಂದು ನಿಲ್ಲುತ್ತದೆ. ಕಟ್ಟುವಾಗ ಎಂಸಿಪಿ, ಒಪ್ಪಿಕೊಳ್ಳುವ ಮುನ್ನ ಒಂದು ಬ್ಯಾಚ್ ಓಟ.

ಓಪನ್‌ಮಾಡೆಲಿಕಾಗೆ ನಮ್ಮ ಒಲವು ಹೆಚ್ಚು. ಉಚಿತ ಎಂಬುದೊಂದೇ ಕಾರಣವಲ್ಲ. ಮಾಡೆಲ್ ಪೂರ್ತಿ ಪಠ್ಯ, ಏಜೆಂಟ್ ಏನು ಬದಲಿಸಿತೆಂದು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಸಾಲುಸಾಲಾಗಿ ಓದಬಹುದು. ಚೆಕ್ ಮಾಡೆಲ್ ಓಡಿಸಿದರೆ ಎಷ್ಟು ಸಮೀಕರಣ, ಎಷ್ಟು ವೇರಿಯಬಲ್ ಎಂದು ಎಣಿಸಿ ಹೇಳುತ್ತದೆ. ಸಿಮ್ಯುಲಿಂಕ್ ಸುಮ್ಮನೆ ಸೊನ್ನೆ ಮಾಡಿದ ಡ್ಯಾಂಪರ್ ಬಲದ ಸಮೀಕರಣ ಇಲ್ಲಿ ಬಿಟ್ಟುಹೋದರೆ ಒಂದು ಕಡಿಮೆ ಎಂದು ಅಲ್ಲೇ ತಡೆಯುತ್ತದೆ. ಹಂಪ್‌ಗೆ ಇಫ್ ಟೈಮ್ ಎಂದು ಬರೆದರೆ ಅದು ತಾನಾಗಿ ಈವೆಂಟ್ ಆಗುತ್ತದೆ, ಸಾಲ್ವರ್ ಆ ಕ್ಷಣದಲ್ಲಿ ನಿಂತು ಮುಂದೆ ಹೋಗುತ್ತದೆ. ವೇಗ ಸಿಗಲೆಂದು ಏಜೆಂಟ್ ಈ ನಿಲುಗಡೆ ತಪ್ಪಿಸುವ ನೋ-ಈವೆಂಟ್ ಸೇರಿಸಿದ್ದರೆ ತೆಗೆಸಿಹಾಕಿ. ಯೂನಿಟ್ ಚೆಕಿಂಗ್ ಫ್ಲ್ಯಾಗ್ ಡೀಫಾಲ್ಟ್ ಆಗಿ ಆಫ್ ಇರುತ್ತದೆ, ಆನ್ ಮಾಡಿ.

ಅದರ ಕಿರಿಕಿರಿಗಳೂ ಇವೆ. ಅಳತೆಯ ಯೂನಿಟ್‌ಗಳಿಗೆ ಏಜೆಂಟ್‌ಗಳು ಹಳೇ ಎಸ್‌ಐ-ಯೂನಿಟ್ಸ್ ಹೆಸರನ್ನೇ ಬರೆಯುತ್ತವೆ. ಮಾಡೆಲಿಕಾ ಲೈಬ್ರರಿಯ 4.0 ಆವೃತ್ತಿಯಿಂದ ಅದು ಯೂನಿಟ್ಸ್ ಡಾಟ್ ಎಸ್‌ಐ. ಸ್ಟಾಪ್ ಟೈಮ್ ಹೇಳದಿದ್ದರೆ 1 ಸೆಕೆಂಡಿಗೇ ನಿಲ್ಲುತ್ತದೆ, ಹಂಪ್ ಬರುವುದೇ ಇಲ್ಲ. ಗುರುತ್ವ ಸೇರಿಸಿದ ಮೇಲೆ ಆರಂಭ ಸ್ಥಿತಿ ಕೊಡದಿದ್ದರೆ ಕಾರು ಮೊದಲ ಕ್ಷಣದಲ್ಲೇ ಧೊಪ್ಪನೆ ಕುಸಿಯುತ್ತದೆ. ಸ್ಕ್ರಿಪ್ಟ್‌ನಲ್ಲಿ ಪ್ರತಿ ಹೆಜ್ಜೆಯ ಬಳಿಕ ಗೆಟ್ ಎರರ್ ಸ್ಟ್ರಿಂಗ್ ಕರೆಸಬೇಕು, ಇಲ್ಲದಿದ್ದರೆ ಯಾವ ಹೆಜ್ಜೆಯ ದೂರು ಎಂದು ಏಜೆಂಟ್‌ಗೆ ತಿಳಿಯದು. ಸ್ಪ್ರಿಂಗ್ ಬೆಲೆ ಬದಲಿಸಿ ನೂರು ಓಟ ಬೇಕೆಂದರೆ ಏಜೆಂಟ್ ನೂರು ಸಲ ಕಂಪೈಲ್ ಮಾಡಿಸುತ್ತದೆ. ಒಮ್ಮೆ ಕಂಪೈಲ್ ಆದ ಫೈಲನ್ನು ಓವರ್‌ರೈಡ್ ಆಯ್ಕೆಯೊಂದಿಗೆ ಓಡಿಸಲು ಹೇಳಿ. ಕಲಿಯುವವರಿಗೆ ಐಐಟಿ ಬಾಂಬೆಯ ಫಾಸ್ಸಿ ಯೋಜನೆ ಇದರ ಪಾಠಗಳನ್ನು ಉಚಿತವಾಗಿ ಇಟ್ಟಿದೆ. ಅದೇ ಯೋಜನೆ ಬೆಂಬಲಿಸುವ, ಮ್ಯಾಟ್‌ಲ್ಯಾಬ್‌ನಂಥ ಉಚಿತ ಸಾಫ್ಟ್‌ವೇರ್ ಸೈಲ್ಯಾಬ್ ಒಳ್ಳೆಯದೇ, ಆದರೆ ಏಜೆಂಟ್‌ಗಳು ಅದರಲ್ಲಿ ಮ್ಯಾಟ್‌ಲ್ಯಾಬ್ ವ್ಯಾಕರಣ ಬೆರೆಸುವುದು ಜಾಸ್ತಿ.

ಹೊಸ ಭೌತಿಕ ಮಾಡೆಲ್ ಕಟ್ಟಲು ಓಪನ್‌ಮಾಡೆಲಿಕಾ, ಫಲಿತಾಂಶ ಜಾಲಾಡಲು, ಕರ್ವ್ ಫಿಟ್ ಮಾಡಲು ಪೈಥಾನ್ ಇಟ್ಟುಕೊಳ್ಳಿ. ಕಂಟ್ರೋಲರಿಗೆ ಸಿ ಕೋಡ್ ಕೊಡಬೇಕಿದ್ದರೆ, ಗ್ರಾಹಕ ಕಂಪನಿ ಎಸ್‌ಎಲ್‌ಎಕ್ಸ್ ಕೇಳಿದರೆ ಸಿಮ್ಯುಲಿಂಕ್ ಬಿಟ್ಟು ಗತಿಯಿಲ್ಲ.

ಮೂರೂ ಹಿಡಿಯದ ತಪ್ಪು ಒಂದಿದೆ. ಅಸಲಿ ಡ್ಯಾಂಪರ್ ಹಿಗ್ಗುವಾಗ ಗಡಸು, ಕುಗ್ಗುವಾಗ ಮೆತ್ತಗೆ. ಹಿಗ್ಗುವಾಗ 2,100, ಕುಗ್ಗುವಾಗ 900 ಎಂದಿಟ್ಟುಕೊಳ್ಳಿ. ಚಿಹ್ನೆ ತಿರುಗಿ ಎರಡೂ ಅದಲುಬದಲಾದರೆ ಸಮೀಕರಣದ ಲೆಕ್ಕ ಸರಿ, ಯೂನಿಟ್ ಸರಿ, ಗ್ರಾಫ್ ಕೂಡ ನಂಬುವ ಹಾಗಿರುತ್ತದೆ. ಡ್ಯಾಂಪರನ್ನು ಒಂಟಿಯಾಗಿ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಹಿಗ್ಗಿಸಿದರೆ 630, ಕುಗ್ಗಿಸಿದರೆ 270 ನ್ಯೂಟನ್ ಬರಬೇಕು. ಈ ಪರೀಕ್ಷೆಯ ಫೈಲನ್ನು ರೀಡ್-ಓನ್ಲಿ ಮಾಡಿ, ಏಜೆಂಟ್‌ಗೆ ಬರೆಯುವ ಅನುಮತಿಯಿಲ್ಲದ ಫೋಲ್ಡರಿನಲ್ಲಿಡಿ. ಪರೀಕ್ಷೆ ಸೋತಾಗ ಮಾಡೆಲ್ ಬಿಟ್ಟು ಪರೀಕ್ಷೆಯ ಟಾಲರೆನ್ಸ್ ಸಡಿಲಿಸುವುದು ಏಜೆಂಟ್‌ಗಳ ಚಾಳಿ. ಗ್ರಾಹಕ ಕಂಪನಿಯ ಅಸಲಿ ಅಂಕಿಗಳಿರುವ ಪ್ಯಾರಾಮೀಟರ್ ಫೈಲಂತೂ ಏಜೆಂಟ್ ಓದಲೂ ಆಗದ ಕಡೆ ಇರಲಿ. ಮೇಲಿನಂಥ ಪಠ್ಯಪುಸ್ತಕದ ಅಂಕಿಗಳಲ್ಲಿ ಮಾಡೆಲ್ ಕಟ್ಟಿಸಿ, ಕೊನೆಯ ಓಟವನ್ನು ನೀವೇ ಕೈಯಾರೆ ಓಡಿಸಿ.