ಇಂಗಾಲ ಲೇಪಿತ ಸತುವಿನ ಆನೋಡ್ ಹಾಳೆ: ಮೂರು ತಿಂಗಳ ಬಳಕೆಯ ನಂತರ

ನೀರಿನ ಎಲೆಕ್ಟ್ರೋಲೈಟ್‌ನಲ್ಲಿ (ಅಯಾನುಗಳನ್ನು ಸಾಗಿಸುವ ದ್ರಾವಣದಲ್ಲಿ) ಕೆಲಸ ಮಾಡುವ ರೀಚಾರ್ಜಬಲ್ ಸತುವಿನ ಬ್ಯಾಟರಿಗಳ ಪ್ರಯೋಗಕ್ಕೆಂದು, ತೆಳುವಾದ ಇಂಗಾಲದ ಲೇಪನವಿರುವ 20 ಮೈಕ್ರಾನ್ ದಪ್ಪದ ಸತುವಿನ ಹಾಳೆಯನ್ನು ತರಿಸಿಕೊಂಡು ಮೂರು ತಿಂಗಳಿಂದ ನಾಣ್ಯದಾಕಾರದ ಕಾಯಿನ್ ಸೆಲ್‌ಗಳಲ್ಲಿ ಆನೋಡ್ (ಋಣ ಎಲೆಕ್ಟ್ರೋಡ್) ಆಗಿ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಬಳಸುತ್ತಿದ್ದುದು ಲೇಪನವಿಲ್ಲದ 100 ಮೈಕ್ರಾನ್ ಹಾಳೆ. ಎರಡನ್ನೂ ಕಂಡ ಮೇಲೆ ಹೊಸ ಹಾಳೆಯನ್ನು ಧೈರ್ಯವಾಗಿ ಕೊಳ್ಳಬಹುದೆನ್ನುತ್ತೇನೆ, ಆದರೆ ಅದರ ಅಂಚಿನ ದೋಷವನ್ನು ಮೊದಲೇ ತಿಳಿದಿರಬೇಕು.

ಇಲ್ಲಿ ದಪ್ಪವೇ ಮುಖ್ಯ. ಒಂದು ಘನ ಸೆಂಟಿಮೀಟರ್ ಸತುವಿಗೆ 5,855 ಮಿಲಿಆಂಪಿಯರ್-ಅವರ್ ಸಾಮರ್ಥ್ಯವಿರುವುದರಿಂದ, 100 ಮೈಕ್ರಾನ್ ಹಾಳೆಯ ಪ್ರತಿ ಚದರ ಸೆಂಟಿಮೀಟರಿನಲ್ಲಿ ಸುಮಾರು 58 ಮಿಲಿಆಂಪಿಯರ್-ಅವರ್ ಇರುತ್ತದೆ. ಪ್ರತಿ ಸುತ್ತಿನಲ್ಲಿ, ಅಂದರೆ ಒಮ್ಮೆ ಬರಿದು ಮಾಡಿ ಮರಳಿ ತುಂಬಿಸುವಾಗ, ಒಂದು ಮಿಲಿಆಂಪಿಯರ್-ಅವರ್ ಮಾತ್ರ ಬಳಸಿದರೆ ಅದು ಶೇ. 2ಕ್ಕಿಂತ ಕಡಿಮೆಯಾಯಿತು, ಮಿಕ್ಕ ಸತು ಪ್ರತಿ ಸುತ್ತಿನ ನಷ್ಟವನ್ನು ಸದ್ದಿಲ್ಲದೆ ತುಂಬಿಕೊಡುತ್ತಾ ಹೋಗುತ್ತದೆ. 20 ಮೈಕ್ರಾನ್ ಹಾಳೆಯಲ್ಲಿ ಇರುವುದೇ ಸುಮಾರು 11.7. ಅದರಿಂದ 5 ತೆಗೆದು ಮರಳಿ ತುಂಬಿಸುವಾಗ ಶೇ. 40ಕ್ಕೂ ಹೆಚ್ಚು ಸತು ಓಡಾಡುವುದರಿಂದ ಎಲೆಕ್ಟ್ರೋಡ್‌ನ ನಿಜವಾದ ಗುಣ ಬಯಲಾಗುತ್ತದೆ. ಇಷ್ಟಿದ್ದೂ ಮಾರಾಟಗಾರರು ಪೊಟ್ಟಣದ ಮೇಲೆ ಸುತ್ತುಗಳ ಸಂಖ್ಯೆಯನ್ನು ದೊಡ್ಡದಾಗಿ ಹಾಕಿ, ಸತುವಿನ ಎಷ್ಟು ಪಾಲು ಬಳಸಿ ಆ ಸಂಖ್ಯೆ ಬಂದಿತೆಂಬುದನ್ನು ಹೇಳದಿರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಸತುವಿನ ಸಲ್ಫೇಟ್ ದ್ರಾವಣದಲ್ಲಿ ಓಡಿಸಿದ ಸೆಲ್‌ಗಳನ್ನು ಬಿಚ್ಚಿದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಲೇಪನವಿಲ್ಲದ ಹಾಳೆಯ ಮೇಲೆ ಬೂದುಬಣ್ಣದ, ಪಾಚಿಯಂತಹ ಬೆಳವಣಿಗೆ ಎರಡು ಎಲೆಕ್ಟ್ರೋಡ್‌ಗಳನ್ನು ಬೇರ್ಪಡಿಸುವ ಗಾಜಿನ ನಾರಿನ ಸೆಪರೇಟರ್‌ನೊಳಕ್ಕೆ ನುಗ್ಗಿದ್ದರಿಂದ, ಚಿಮುಟದಿಂದ ಎಳೆದಾಗ ನಾರುಗಳೂ ಕಿತ್ತುಬಂದವು. ನಡುವೆ ಅಲ್ಲಲ್ಲಿ ಬಿಳಿಯ ಹೊಪ್ಪಳೆಗಳಿದ್ದವು: ಜಲಜನಕ ಹೊರಬರುವಲ್ಲಿ ದ್ರಾವಣದ ಪಿಎಚ್ ಏರಿ ಕೂರುವ ಕ್ಷಾರೀಯ ಸಲ್ಫೇಟ್ ಅದು. ಲೇಪಿತ ಹಾಳೆಯಲ್ಲಿ ವಿದ್ಯುತ್ ಒಂದೇ ತುದಿಗೆ ಮುತ್ತದೆ ಎಲ್ಲೆಡೆ ಹರಡಿಕೊಳ್ಳುವುದರಿಂದ, ಸೆಪರೇಟರ್ ಹೆಚ್ಚು ಅಂಟದೆ ಬಿಟ್ಟುಕೊಂಡಿತು. ಮೇಲ್ಮೈ ಮಂಕಾಗಿದ್ದರೂ ಸಮತಟ್ಟಾಗಿಯೇ ಇತ್ತು.

ಆದರೆ ಅಂಚು ಬೇರೆ ಕಥೆ. ಪಂಚ್‌ನಿಂದ ಬಿಲ್ಲೆ ಕತ್ತರಿಸಿದಾಗ ಸುತ್ತಲೂ ಲೇಪನ ಚಕ್ಕೆಯೆದ್ದು, ಕೂದಲೆಳೆಯಷ್ಟು ಅಗಲದ ಹೊಳೆಯುವ ಸತುವಿನ ಉಂಗುರ ತೆರೆದುಕೊಳ್ಳುತ್ತದೆ. ಇಂಗಾಲವೂ ಬರಿಯ ಸತುವೂ ಒಂದೇ ದ್ರಾವಣದಲ್ಲಿ ತಾಗಿಕೊಂಡಿದ್ದರೆ ಅವೆರಡೂ ಸೇರಿ ತಮ್ಮದೇ ಒಂದು ಪುಟ್ಟ ಕೋಶವಾಗಿ ಸತುವನ್ನು ಬೇಗ ತಿನ್ನತೊಡಗುತ್ತವೆ. ನನ್ನ ಕೈಯಲ್ಲಿ ಕೆಟ್ಟ ಲೇಪಿತ ಸೆಲ್‌ಗಳೆಲ್ಲವೂ ಈ ಅಂಚಿನಿಂದಲೇ ಕೆಟ್ಟವು. ಲೇಪನದ ಮುಖವನ್ನು ಕೆಳಗಿಟ್ಟು, ಹರಿತವಾದ ಪಂಚ್‌ನಿಂದ ಒಂದೇ ಏಟಿಗೆ ಕತ್ತರಿಸಿದಾಗ ಚಕ್ಕೆಯೇಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಮ್ಯಾಂಗನೀಸ್ ಡೈಆಕ್ಸೈಡ್‌ನ ಧನ ಎಲೆಕ್ಟ್ರೋಡ್, ಅಂದರೆ ಕ್ಯಾಥೋಡ್‌ನೊಂದಿಗೆ ಇದನ್ನು ಜೋಡಿಸುವವರು, ಕ್ಯಾಥೋಡ್ ಕರಗುವುದನ್ನು ತಗ್ಗಿಸಲು ಎಲೆಕ್ಟ್ರೋಲೈಟ್‌ಗೆ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿಕೊಳ್ಳಲಿ. ಕ್ಯಾಥೋಡ್ ಕರಗಿ ಕಳೆದುಕೊಂಡ ಸಾಮರ್ಥ್ಯಕ್ಕೆ ಆನೋಡ್ ಹಾಳೆಯನ್ನು ದೂರುವುದು ನ್ಯಾಯವಲ್ಲ. ಅಂಚನ್ನೂ ಮುಚ್ಚಿದ ಸಿದ್ಧ ಬಿಲ್ಲೆಗಳನ್ನು ತಯಾರಕರು ಕೊಟ್ಟ ದಿನ ನಾನು ಹಳೆಯ ದಪ್ಪ ಹಾಳೆಯನ್ನು ಪೂರ್ತಿ ಬಿಡುತ್ತೇನೆ. ಅಲ್ಲಿಯವರೆಗೆ ಹೊಸ ಎಲೆಕ್ಟ್ರೋಲೈಟ್‌ಗಳ ಮೊದಲ ಪರೀಕ್ಷೆಗೆ ಅದನ್ನೂ, ಗಂಭೀರ ಅಳತೆಗಳಿಗೆ ಇದನ್ನೂ ಇಟ್ಟುಕೊಂಡಿದ್ದೇನೆ.