ಬಾಣಲೆ, ಪಾಪ್‌ಕಾರ್ನ್ ಯಂತ್ರ, ಡ್ರಮ್: ಕಾಫಿ ಬೀಜ ಹುರಿಯಲು ಯಾವುದು ಸರಿ?

ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಇರುವ ಮರ್ಯಾದೆ ಅದರ ಪಕ್ಕದ ಲೋಟಕ್ಕೆ ಇಲ್ಲವಲ್ಲ ಎಂಬುದು ನನ್ನ ಬಹುದಿನದ ಸಂಕಟ. ಚಿಕ್ಕಮಗಳೂರಿನ ತೋಟಗಳು ನಮಗೇನು ದೂರವಲ್ಲ. ಹಸಿ ಬೀಜ ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹುರಿದು ಪುಡಿ ಮಾಡಿದ್ದರ ಘಮ ಮಾತ್ರ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಅದಕ್ಕೇ ಬೇಕಾದಷ್ಟನ್ನು ಬೇಕಾದಾಗ ಮನೆಯಲ್ಲೇ ಹುರಿಯುತ್ತೇನೆ. ಒಂದೇ ಚೀಲದ ಪ್ಲಾಂಟೇಶನ್ ಎ (ತಿರುಳು ತೊಳೆದು ಒಣಗಿಸಿದ ಅರೇಬಿಕಾದ ದಪ್ಪ ಬೀಜದ ದರ್ಜೆ) ಬೀಜವನ್ನು ಮೂರು ಬಗೆಯಲ್ಲಿ ಹುರಿದು, ಅದೇ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಅದೇ ಹಾಲು ಬೆರೆಸಿ ಕುಡಿದು ನೋಡಿ ಹೇಳುತ್ತಿರುವ ಮಾತು ಇದು.

ಮೊದಲು ಕಬ್ಬಿಣದ ಬಾಣಲೆ. ಖರ್ಚಿಲ್ಲ, ಎಲ್ಲರ ಮನೆಯಲ್ಲೂ ಇದೆ. ತೊಡಕಿರುವುದು ಬೀಜದ ಆಕಾರದಲ್ಲಿ. ಪ್ಲಾಂಟೇಶನ್ ಬೀಜದ ಒಂದು ಮೈ ಉಬ್ಬು, ಇನ್ನೊಂದು ಚಪ್ಪಟೆ. ಚಪ್ಪಟೆ ಮೈಯ ನಡುವೆ ಸೀಳು. ಆ ಮೈ ಕಾದ ಕಬ್ಬಿಣದ ಮೇಲೆ ಒಂದು ಗಳಿಗೆ ಕೂತರೂ ಸೀಳಿನ ಅಂಚಿನಲ್ಲಿ ಕಪ್ಪು ಕಲೆ ಬೀಳುತ್ತದೆ, ಉಬ್ಬಿದ ಬೆನ್ನು ಇನ್ನೂ ಹಳದಿಯಾಗಿಯೇ ಇರುತ್ತದೆ. ನಮ್ಮೂರ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳು ಅಕ್ಕಿಯ ಪ್ರತಿ ಕಾಳನ್ನೂ ಸುತ್ತುವರಿದು ಎಲ್ಲ ಕಡೆಯಿಂದ ಒಂದೇ ಸಮ ಶಾಖ ಕೊಡುತ್ತದೆ. ಕಾಫಿಗೆ ಮರಳು ಹಾಕುವಂತಿಲ್ಲ, ಸೀಳಿನಲ್ಲಿ ಸಿಕ್ಕಿಕೊಂಡುಬಿಡುತ್ತದೆ. ಹಾಗಾಗಿ ಮರಳಿನ ಕೆಲಸವನ್ನು ಕೈಯೇ ಮಾಡಬೇಕು. ಬಾಣಲೆಗೆ 150 ಗ್ರಾಂಗಿಂತ ಹೆಚ್ಚು ಹಾಕಬೇಡಿ, ಮಧ್ಯಮ ಉರಿ ಇಡಿ, ಕಟ್ಟಿಗೆ ಸೌಟನ್ನು ಒಂದು ಕ್ಷಣವೂ ನಿಲ್ಲಿಸಬೇಡಿ. ಹನ್ನೆರಡರಿಂದ ಹದಿನೈದು ನಿಮಿಷ ಬೇಕು. ಎಷ್ಟು ಜೋಪಾನ ಮಾಡಿದರೂ ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಹಾಲು ಹಾಕಿದ ಕಾಫಿಯಲ್ಲಿ ಈ ಏರುಪೇರು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಕಡು ಹುರಿದ ಬೀಜದ ಕಹಿಯೂ ಎಳೆ ಹುರಿದದ್ದರ ಹುಳಿಯೂ ಸೇರಿ ಒಂಥರಾ ತುಂಬಿದ ರುಚಿ ಬರುತ್ತದೆ. ಹಾಲಿಲ್ಲದೆ ಕುಡಿದರೆ ಸುಟ್ಟ ವಾಸನೆ ಮೊದಲು ನಾಲಿಗೆಗೆ ತಾಗುತ್ತದೆ.

ಬಿಸಿಗಾಳಿಯ ಪಾಪ್‌ಕಾರ್ನ್ ಯಂತ್ರದಲ್ಲಿ ಇದರ ತದ್ವಿರುದ್ಧ. ಬೀಜ ಗಾಳಿಯಲ್ಲೇ ಸುತ್ತುವುದರಿಂದ ಕಲೆ ಬೀಳುವುದೇ ಇಲ್ಲ, ಹೊಟ್ಟು ತಾನಾಗಿಯೇ ಹಾರಿಹೋಗುತ್ತದೆ. ಕೊಳ್ಳುವಾಗ ಒಳಗೆ ಬಗ್ಗಿ ನೋಡಿ: ಗಾಳಿ ಪಕ್ಕದ ಸೀಳುಗಳಿಂದ ಬರಬೇಕು. ತಳದಲ್ಲಿ ಜಾಲರಿ ಇರುವ ಯಂತ್ರವಾದರೆ ಹೊಟ್ಟು ಕೆಳಗಿನ ಕಾಯಿಲ್ ಮೇಲೆ ಬಿದ್ದು ಹೊತ್ತಿಕೊಳ್ಳುವ ಅಪಾಯವಿದೆ. ಒಮ್ಮೆಗೆ ಸುಮಾರು 80 ಗ್ರಾಂ ಮಾತ್ರ, ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಈ ವೇಗವೇ ಅದರ ಗುಣ, ಅದೇ ದೋಷ ಕೂಡ. ಹೊರಗೆ ಚೆಂದದ ಕಂದು ಬಂದಿರುತ್ತದೆ, ಬೀಜ ಮುರಿದು ನೋಡಿದರೆ ಒಳಗೆ ಬಣ್ಣ ತೆಳು. ಹಾಲಿಲ್ಲದ ಕಾಫಿಗೆ ನಿಂಬೆಯಂಥ ಚುರುಕು ಹುಳಿ ಸೊಗಸಾಗಿ ಏಳುತ್ತದೆ. ಹಾಲು ಬಿದ್ದ ಕೂಡಲೇ ಆ ಸೊಗಸು ಮಾಯ, ಡಿಕಾಕ್ಷನ್ ಬಡಕಲು ಅನಿಸುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ಕಾಟ: ಯಂತ್ರ ಬೇಗ ಕಾದು, ಹುರಿಯುವುದು ಮುಗಿಯುವ ಮೊದಲೇ ತಾನಾಗಿ ಆಫ್ ಆಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಹುರಿಯಬೇಕು.

ಗ್ಯಾಸ್ ಒಲೆಯ ಮೇಲಿಟ್ಟು ಕೈಯಿಂದ ತಿರುಗಿಸುವ ಸಣ್ಣ ಡ್ರಮ್ಮೇ ನನ್ನ ಆಯ್ಕೆ, ಸಂಶಯವಿಲ್ಲದೆ ಹೇಳುತ್ತೇನೆ. 250 ಗ್ರಾಂ ಆರಾಮಾಗಿ ಹಿಡಿಯುತ್ತದೆ. ಬೀಜ ಉರುಳುತ್ತಲೇ ಇರುವುದರಿಂದ ಚಪ್ಪಟೆ ಮೈಗೂ ಬೆನ್ನಿಗೂ ಸಮ ಶಾಖ. ನಿಧಾನ ಇರುವುದರಿಂದ ಒಳಗಿನ ತನಕ ಹದ. ಒಳಗೇನಾಗುತ್ತಿದೆ ಎಂದು ಕಾಣದು, ಅದೊಂದೇ ಕೊರತೆ. ಕಿವಿಯನ್ನೂ ಮೂಗನ್ನೂ ನಂಬಬೇಕು. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಬ್ರೆಡ್ ಸುಟ್ಟಂಥದ್ದು. ಬೀಜದ ಶಾಖ 196 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಚಟ್ ಚಟ್ ಎಂದು ದಪ್ಪ ದನಿಯ ಮೊದಲ ಸಿಡಿತ. ಅದು ಅಡಗಿ, 224ರ ಹತ್ತಿರ ಎರಡನೆಯ ಸಿಡಿತ ಶುರುವಾಗುತ್ತದೆ: ದನಿ ತೆಳು, ಚಿಟಿಚಿಟಿ, ಒಂದರ ಹಿಂದೆ ಒಂದು. ಹಾಲಿನ ಕಾಫಿಗೆ ಆ ಎರಡನೆಯದರ ಮೊದಮೊದಲ ಸದ್ದು ಕೇಳಿದ ತಕ್ಷಣ ಸುರಿದುಬಿಡಿ. ಇನ್ನೂ ತಡೆದರೆ ಎಣ್ಣೆ ಹೊರಗೆ ಬಂದು ಬೀಜ ಮಿರಮಿರ ಹೊಳೆಯುತ್ತದೆ, ರುಚಿಯಲ್ಲಿ ಕಹಿಯೊಂದೇ ಉಳಿಯುತ್ತದೆ. ಕಾಲು ಕಿಲೋ ಹಸಿ ಬೀಜ ಈ ಹದಕ್ಕೆ ಬರುವಾಗ ಸುಮಾರು 210 ಗ್ರಾಂಗೆ ಇಳಿದಿರುತ್ತದೆ.

ಓವನ್ನನ್ನೂ ನೋಡಿದೆ, ಬೇಡ. ತಟ್ಟೆಯ ಅಂಚಿನದು ಕಪ್ಪು, ನಡುವಿನದು ಹಸಿ.

ಯಾವುದರಲ್ಲಿ ಹುರಿದರೂ ತಣಿಸುವ ಕೆಲಸ ಮೊರದ್ದು. ಬಿಸಿ ಬೀಜ ತನ್ನ ಶಾಖದಲ್ಲೇ ಇನ್ನೂ ಹುರಿಯುತ್ತಿರುತ್ತದೆ. ಟೇಬಲ್ ಫ್ಯಾನಿನ ಎದುರು ಮೊರದಲ್ಲಿ ಕೇರಿದರೆ ನಾಲ್ಕು ನಿಮಿಷದೊಳಗೆ ತಣ್ಣಗಾಗಿ ಹೊಟ್ಟೂ ಹೋಗುತ್ತದೆ. ಅಂದೇ ಪುಡಿ ಮಾಡುವ ಆತುರ ಬೇಡ. ಬೀಜ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ, ಫಿಲ್ಟರಿನಲ್ಲಿ ಪುಡಿ ಉಬ್ಬಿ ನೀರು ಸರಿಯಾಗಿ ಹಿಡಿಯುವುದಿಲ್ಲ. ಎರಡು ಮೂರು ದಿನ ಬಿಟ್ಟ ಮೇಲಿನ ಡಿಕಾಕ್ಷನ್ನೇ ಗಟ್ಟಿ.

ಡ್ರಮ್ ಕೊಳ್ಳಲು ಮನಸ್ಸಿಲ್ಲ, ಬಾಣಲೆಯೇ ಗತಿ ಅನ್ನುವವರು ಬೀಜದ ಆಯ್ಕೆಯನ್ನು ಬದಲಿಸಿ: ಪೀಬೆರಿ ತನ್ನಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದಾಗ ಅದು ದುಂಡಗಾಗುತ್ತದೆ, ಚಪ್ಪಟೆ ಮೈ ಇಲ್ಲವಾದ್ದರಿಂದ ಸೌಟು ತಾಗಿದರೆ ಸಾಕು, ಉರುಳುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬಾಣಲೆಯಲ್ಲಿ ಡ್ರಮ್ಮಿನ ಹದಕ್ಕೆ ತೀರಾ ಹತ್ತಿರ ಬರುವುದು ಅದೊಂದೇ.